ಆರಿದ ನಕ್ಷತ್ರ, ಉಬ್ಬಿದ ರೊಟ್ಟಿ

ಹನುಮಂತಯ್ಯಂಗೆ ಬ್ರಹ್ಮಾಂಡದ ಗುಟ್ಟು ಗೊತ್ತಾಗಿದ್ದು ಮುದ್ದೆ ಮುಂದೆ ಕೂತಾಗ. ನಗ್ಬೇಡಿ. ಕೆಲವ್ರಿಗೆ ಮರದ ಕೆಳಗೆ ಗೊತ್ತಾಗುತ್ತೆ, ಕೆಲವ್ರಿಗೆ ಬೆಟ್ಟದ ಮೇಲೆ. ಈವಯ್ಯಂಗೆ ಬಸವೇಶ್ವರನಗರದಲ್ಲಿ, ಸ್ವಂತ ಮನೆ ಡೈನಿಂಗ್ ಟೇಬಲ್ ಮೇಲೆ, ಅವರೆಕಾಳು ಸಾರಿನ ಎದುರಿಗೆ ಗೊತ್ತಾಯ್ತು.

ಅವತ್ತು ಆಗಿದ್ದಿಷ್ಟೇ. ಮೊಬೈಲಲ್ಲಿ ಒಂದು ವಿಡಿಯೋ ಬಂದಿತ್ತು. ಯಾವನೋ ಗಡ್ಡದೋನು ಇಂಗ್ಲಿಷಲ್ಲಿ ಹೇಳ್ತಾ ಇದ್ದ: ನಕ್ಷತ್ರ ಬೇರೆ ಗ್ರಹ ಬೇರೆ ಅಲ್ಲ, ನಕ್ಷತ್ರಕ್ಕೆ ವಯಸ್ಸಾದ್ರೆ ಅದೇ ಗ್ರಹ. ನಮ್ಮ ಭೂಮೀನೂ ಒಂದ್ಕಾಲದಲ್ಲಿ ಧಗಧಗ ಉರೀತಿದ್ದ ನಕ್ಷತ್ರಾನೇ, ಕಾಲೇಜಲ್ಲಿ ಹೇಳಿಕೊಡೋದೆಲ್ಲ ತಲೆಕೆಳಗು ಅಂತ. ಅಷ್ಟು ಅರ್ಥ ಆಯ್ತು. ಮಿಕ್ಕಿದ್ದು ಆಗ್ಲಿಲ್ಲ. ಪಕ್ಕದ ರೂಮಲ್ಲಿ ಹನುಮಂತಯ್ಯನ ಹೆಂಡ್ತಿ ವಿಮಲಮ್ಮ ಸೀರಿಯಲ್ ಜೋರಾಗಿ ಇಟ್ಟಿದ್ರು, ಗಡ್ಡದೋನ ಇಂಗ್ಲಿಷು ಬೇರೆ ಪೂರ್ತಿ ಮೂಗಲ್ಲಿ ಬರ್ತಿತ್ತು. ಆದ್ರೂ ಇವನು ಬಿಡ್ಲಿಲ್ಲ. ಅವನು ರಾಜಾಜಿನಗರದ ಒಂದು ಫ್ಯಾಕ್ಟರೀಲಿ ಇಡೀ ಸರ್ವೀಸು ಕುಲುಮೆ ಮುಂದೆ ನಿಂತು ರಿಟೈರ್ ಆದೋನು. ಬಿಸಿ ಕಬ್ಬಿಣ ತಣ್ಣಗಾಗೋದ್ರ ಬಗ್ಗೆ ಯಾರು ಏನೇ ಹೇಳಿದ್ರೂ ತನ್ನದೇ ಮನೆ ವಿಷಯ ಅನ್ನೋ ಹಂಗೆ ಕಿವಿ ಕೊಡೋನು.

"ರೀ, ಮುದ್ದೆ ಆರಿ ಹೋಗ್ತಾ ಇದೆ, ಉಣ್ಣಿ," ಅಂದ್ರು ವಿಮಲಮ್ಮ ಒಳಗಿಂದ.

ಉಣ್ಲಿಲ್ಲ.

"ಹೊರಗಡೆ ಮೋಡ ಹಾಕಿದೆ, ಬಟ್ಟೆ ಆರಿದ್ಯಾ ನೋಡಿ."

ನೋಡ್ಲಿಲ್ಲ. ಅಷ್ಟರಲ್ಲಿ ಕಿಟಕೀಲಿ ಒಂದು ಗಾಳಿ ಬೀಸ್ತು, ದೇವರ ಮನೆ ಕಡೆ ನೋಡಿ ವಿಮಲಮ್ಮ, "ಅಯ್ಯೋ, ದೀಪ ಆರ್ತು," ಅಂದ್ಬಿಟ್ರು. ಅಂದೋರೇ ಕೆನ್ನೆ ಕೆನ್ನೆ ಬಡ್ಕೊಂಡ್ರು. ಯಾಕೆ ಅಂದ್ರೆ ದೀಪ ಆರ್ತು ಅಂತ ಮನೇಲಿ ಯಾರೂ ಬಾಯ್ಬಿಟ್ಟು ಅನ್ನಬಾರ್ದು. ದೀಪ ಶಾಂತ ಆಯ್ತು ಅನ್ಬೇಕು. ಆರೋದು ಅಂದ್ರೆ ಮನೇಲಿ ಯಾರೋ ಹೋದ್ರು ಅಂದಂಗೆ.

ಆದ್ರೆ ಹನುಮಂತಯ್ಯ ಅಷ್ಟೊತ್ತಿಗೆ ತಟ್ಟೆ ನೋಡ್ತಾ ಕಲ್ಲಾಗಿ ಕೂತಿದ್ದ. ಮುದ್ದೆ ಮೇಲೆ ಚರ್ಮ ಕಟ್ಟಿದೆ. ಚರ್ಮದಲ್ಲಿ ಒಂದು ಬಿರುಕು, ಥೇಟ್ ಕಣಿವೆ. ತಳದಲ್ಲಿ ಬೆವ್ತು ತಟ್ಟೆ ತುಂಬಾ ನೀರು, ಥೇಟ್ ಸಮುದ್ರ. ಬೆಳಕು ಹೋದ್ರೂ ಆರ್ತು, ಬಿಸಿ ಹೋದ್ರೂ ಆರ್ತು, ನೀರು ಹೋದ್ರೂ ಆರ್ತು. ಮೂರಕ್ಕೂ ಒಂದೇ ಮಾತು. ನಕ್ಷತ್ರಕ್ಕೆ ಮೊದ್ಲು ಬೆಳಕು ಹೋಗುತ್ತೆ, ಅವಾಗ ಅದು ಗುರು, ಶನಿ. ಆಮೇಲೆ ಬಿಸಿ ಹೋಗುತ್ತೆ, ಚರ್ಮ ಕಟ್ಟುತ್ತೆ, ಅವಾಗ ಅದು ಭೂಮಿ. ಕೊನೇಗೆ ನೀರೂ ಹೋಗಿ ಒಣಕಲಾದ್ರೆ ಮಂಗಳ. ಗಡ್ಡದೋನು ಅರ್ಧ ಗಂಟೆ ಬಾಯಿ ಬಡ್ಕೊಂಡಿದ್ದನ್ನ ವಿಮಲಮ್ಮ ಒಂದೇ ಕ್ರಿಯಾಪದದಲ್ಲಿ ಮುಗಿಸಿದ್ರು.

"ವಿಮಲಾ, ವಿಜ್ಞಾನಿಗಳಿಗೆ ಕನ್ನಡ ಬಂದಿದ್ರೆ ಇಷ್ಟು ದಿನ ಒದ್ದಾಡ್ತಾನೇ ಇರ್ಲಿಲ್ಲ ಕಣೇ," ಅಂದ.

"ಬಟ್ಟೆ ಆರಿತ್ತಾ ಇಲ್ವಾ?" ಅಂದ್ರು ಅವ್ರು.

ಇಂಥ ವಿಷಯ ಗೊತ್ತಾದ ಮೇಲೆ ಯಾರಿಗಾದ್ರೂ ಹೇಳ್ಬೇಕಲ್ಲ. ಹನುಮಂತಯ್ಯಂಗೆ ಹೇಳ್ಕೊಳ್ಳೋಕೆ ಇದ್ದಿದ್ದು ಒಬ್ಬನೇ ಮನುಷ್ಯ: ಮೇಲಿನ ಪೋರ್ಶನ್ನಿನ ಗುರುಬಸಪ್ಪ. ರೈಲ್ವೆ ಗಾರ್ಡಾಗಿ ರಿಟೈರ್ ಆದೋನು, ಬಾಗಲಕೋಟೆ ಕಡೆಯೋನು, ಹೆಂಡ್ತಿ ಪಾರವ್ವನ ಜತೆ ಬಾಡಿಗೆಗೆ ಬಂದು ಎಷ್ಟೋ ವರ್ಷ ಆಗಿತ್ತು. ದೊಡ್ಡ ದೇಹ, ದೊಡ್ಡ ಮೀಸೆ. ಇವರಿಬ್ರೂ ಬೆಳಿಗ್ಗೆ ಒಟ್ಟಿಗೆ ಪಾರ್ಕಿಗೆ ಹೋಗೋರು, ಒಟ್ಟಿಗೆ ಕಾಫಿ ಕುಡಿಯೋರು, ಗೇಟಿಂದ ಗೇಟಿನ ತನಕ ಜಗಳ ಆಡೋರು. ಜಗಳಕ್ಕೆ ವಿಷಯ ಅಂತ ಬೇಕಿರ್ಲಿಲ್ಲ. ಪಾರ್ಕಲ್ಲಿ ಬೇವಿನ ಮರ ಮೊದಲು ಬಂದಿದ್ದಾ ಕಾಂಪೌಂಡ್ ಮೊದಲು ಬಂದಿದ್ದಾ ಅಂತ ಒಂದು ಸಲ ಸೋಮವಾರ ಶುರು ಮಾಡಿ ಭಾನುವಾರದ ತನಕ ಎಳೆದಿದ್ರು. ಹನುಮಂತಯ್ಯನ ಮಕ್ಕಳು ಹೇಳಿದ್ದಕ್ಕೆಲ್ಲ "ಹೂಂ ಅಪ್ಪಾ" ಅನ್ನೋ ಜಾತಿ. ವಿಮಲಮ್ಮ ಕೇಳೋದೇ ಇಲ್ಲ. ಈ ಭೂಮಿ ಮೇಲೆ ಅವನ ಮಾತನ್ನ ಪೂರ್ತಿ ಕೇಳಿ, ಆಮೇಲೆ "ಅದು ಸುಳ್ರಿ" ಅನ್ನೋನು ಗುರುಬಸಪ್ಪ ಒಬ್ನೇ. ಅದು ಎಂಥ ಭಾಗ್ಯ ಅಂತ ಹನುಮಂತಯ್ಯಂಗೆ ಇನ್ನೂ ಗೊತ್ತಿರ್ಲಿಲ್ಲ.

ಮಾರನೇ ದಿನ ಪಾರ್ಕಲ್ಲಿ ಎಡವಟ್ಟು ಆಯ್ತು.

ವಾಕಿಂಗ್ ಮುಗಿಸಿ ಎಲ್ಲಾ ಕಲ್ಲುಬೆಂಚಿನ ಹತ್ರ ಸೇರಿದ್ರು. ಪಕ್ಕದಲ್ಲೇ ಲಾಫಿಂಗ್ ಕ್ಲಬ್‌ನೋರು ಕೈ ಮೇಲೆತ್ತಿ ಹ ಹ ಹ ಅಂತಿದ್ರು. ಹನುಮಂತಯ್ಯ ಸಿದ್ಧಾಂತ ಶುರು ಮಾಡ್ದ. ಯಾರಿಗೂ ತಲೆಗೆ ಹತ್ತಲಿಲ್ಲ. ಸರಿ, ಉದಾಹರಣೆ ಕೊಟ್ಟು ಹೇಳೋಣ ಅಂತ ಎದುರಿಗೆ ಇರೋರನ್ನೇ ಹಿಡ್ಕೊಂಡ.

"ನೋಡಿ, ಈ ಯೋಗಾನಂದ ಸೂರ್ಯ ಅಂದ್ಕೊಳ್ಳಿ. ಬ್ಯಾಂಕಿಂದ ಈಗಷ್ಟೇ ರಿಟೈರ್ ಆಗವ್ನೆ, ಇನ್ನೂ ಇನ್‌ಶರ್ಟ್ ಮಾಡ್ತಾನೆ, ತಲೆಗೆ ಬಣ್ಣ ಹಚ್ತಾನೆ. ಉರೀತಾನೆ. ಅಂದ್ರೆ ವಯಸ್ಸಲ್ಲಿ ಚಿಕ್ಕೋನು."

ಯೋಗಾನಂದ ಖುಷಿಯಾಗಿ ಕಾಲರ್ ಸರಿ ಮಾಡ್ಕೊಂಡ.

"ನಾಗರಾಜು ಮಂಗಳ. ತಲೆ ನೋಡಿ. ಒಂದು ಗರಿಕೆ ಇಲ್ಲ. ಪೂರ್ತಿ ಆರಿರೋದು."

"ನಿಮ್ದೇನು ಸಾರ್?" ಅಂದ ನಾಗರಾಜು, ಬೋಳುತಲೆ ಸವರ್ಕೊಂಡು.

"ನಾನು ಭೂಮಿ. ಚರ್ಮ ಸುಕ್ಕಾಗಿದೆ, ಆದ್ರೆ ಒಳಗೆ ಇನ್ನೂ ಬಿಸಿ ಇದೆ. ಇನ್ನು ನಮ್ಮ ಗುರುಬಸಪ್ಪೋರು. ಹೆಸರೇ ಗುರು, ಗುರು ಗ್ರಹ. ದೊಡ್ಡ ದೇಹ. ಒಂದ್ಕಾಲದಲ್ಲಿ ಝಗಮಗ ಅಂತಿತ್ತು, ಈಗ ಆರಿ ಹೋಗಿದೆ. ಒಳಗೆ ಗಟ್ಟಿ ಏನೂ ಇಲ್ಲ, ಬರೀ ಗ್ಯಾಸು. ರಾತ್ರಿಯೆಲ್ಲ ಗುಡುಗುತ್ತೆ, ಬೇಕಾದ್ರೆ ಅವರನ್ನೇ ಕೇಳಿ."

ಹೇಳಿದ ಮೇಲೆ ನಾಲಿಗೆ ಕಚ್ಕೊಂಡ. ಗ್ಯಾಸಿನ ವಿಷಯ ಗುರುಬಸಪ್ಪ ಯಾರಿಗೂ ಹೇಳಿರ್ಲಿಲ್ಲ. ಹೋದ ತಿಂಗಳು ಬೇವಿನ ಮರದ ಹಿಂದೆ ಕರ್ಕೊಂಡು ಹೋಗಿ, ದನಿ ತಗ್ಸಿ, ಹನುಮಂತಯ್ಯಂಗೆ ಮಾತ್ರ ಹೇಳಿದ್ದ. ಪಾರವ್ವ ತನ್ನನ್ನ ಹಾಲ್‌ನಲ್ಲಿ ಮಲಗ್ಸಿದಾರೆ ಅಂತಾನೂ ಹೇಳಿದ್ದ.

ಲಾಫಿಂಗ್ ಕ್ಲಬ್‌ನೋರು ಕ್ಲಬ್ ಶುರುವಾದ ಮೇಲೆ ಮೊದಲ್ನೇ ಸಲ ಅವತ್ತು ನಿಜವಾಗ್ಲೂ ನಕ್ರು. ಒಬ್ಬಮ್ಮ ನೆಲದ ಮೇಲೆ ಕೂತ್ಬಿಟ್ರು. ಯೋಗಾನಂದ ಇನ್‌ಶರ್ಟ್ ಹೊರಗೆ ಬರೋ ತನಕ ನಕ್ಕ. ಗುರುಬಸಪ್ಪ ಮಾತ್ರ ಎದ್ದು, ಪಂಚೆ ಒದರಿ, ಗಾರ್ಡು ಹಸಿರು ಬಾವುಟ ತೋರಿಸಿ ಡಬ್ಬಿ ಹತ್ತೋ ಹಂಗೆ ಯಾರ ಮುಖಾನೂ ನೋಡದೆ ನಡೆದ. ಕಾಫಿಗೂ ನಿಲ್ಲಲಿಲ್ಲ.

ಮಧ್ಯಾಹ್ನ ಗಂಡ ಹೆಂಡ್ತಿ ಇಬ್ರೂ ಕೆಳಗೆ ಬಂದ್ರು. ಯಾವಾಗ್ಲೂ ಬಾಗಿಲಿಂದಲೇ ಕೂಗ್ಕೊಂಡು ಬರೋ ಮನುಷ್ಯ ಅವತ್ತು ಬೆಲ್ ಒತ್ತಿದ. ಅಲ್ಲೇ ಗೊತ್ತಾಯ್ತು ಕೆಟ್ಟಿದೆ ಅಂತ.

"ತಿಂಗಳ ಕೊನಿಗೆ ಮನಿ ಬಿಡ್ತೀವ್ರಿ," ಅಂದ ಗುರುಬಸಪ್ಪ, ಕ್ಯಾಲೆಂಡರ್ ನೋಡ್ಕೊಂಡು.

"ಏನ್ ಗುರುಬಸಪ್ಪೋರೇ, ಅಷ್ಟಕ್ಕೆಲ್ಲ. ಉದಾಹರಣೆಗೆ ಅಂದೆ."

"ಗ್ಯಾಸ್ ಅಂದ್ರಿ, ಇರ್ಲಿ ಅಣ್ಣಾರ," ಅಂದ್ರು ಪಾರವ್ವ. ಅವ್ರ ಕಣ್ಣಲ್ಲಿ ನೀರಿತ್ತು. "ಇರೂದ ಅಂದ್ರಿ. ಆದ್ರ ನಮ್ಮನಿಯವ್ರನ್ನ ಆರಿ ಹ್ವಾದ್ರು ಅಂದ್ರೆಲ್ಲ. ದೀಪಕ್ಕ ಸೈತ ಯಾರೂ ಆರಿತು ಅನ್ನೂದಿಲ್ರಿ. ಮುತ್ತೈದಿ ಕೊಳ್ಳಾಗ ತಾಳಿ ಇರೂವಾಗ ಗಂಡನ್ನ ಆರ್ಯಾನ ಅಂತಾರೇನ್ರಿ ಯಾರರ?"

ಅಲ್ಲಿಗೆ ಒಂದು ಮಾತು, ತಪ್ಪಾಯ್ತು ಅಂತ ಒಂದೇ ಒಂದು ಮಾತು, ಆಡಿದ್ರೆ ಮುಗೀತಿತ್ತು. ವಿಮಲಮ್ಮ ಹಿಂದಿನಿಂದ ಗಂಡನ ಬೆನ್ನಿಗೆ ಚಿವುಟಿದ್ರು ಕೂಡ. ಆದ್ರೆ ಹನುಮಂತಯ್ಯನ ತಲೇಲಿ ಇಡೀ ಸೌರವ್ಯೂಹ ಕೂತಿತ್ತಲ್ಲ. "ಆರಿದ್ರೆ ತಾನೇ ಪಾರವ್ವನೋರೇ ಭೂಮಿ ಆಗೋದು? ಆರೋದು ಒಳ್ಳೇದೇ," ಅಂದ್ಬಿಟ್ಟ.

ಪಾರವ್ವ ಸೆರಗು ಬಾಯಿಗೆ ಒತ್ಕೊಂಡು ಮೆಟ್ಲು ಹತ್ತಿದ್ರು.

ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ರ ಒಂದು ಮನೆ ನೋಡ್ಕೊಂಡ್ರು. ಅಷ್ಟಕ್ಕೇ ಸುಮ್ನಾಗಿದ್ರೆ ಇದು ಮಾಮೂಲಿ ಬಾಡಿಗೆ ಮನೆ ಕಥೆ ಆಗಿರೋದು. ಗುರುಬಸಪ್ಪ ಸುಮ್ನಾಗ್ಲಿಲ್ಲ. ಮಾರನೇ ಬೆಳಿಗ್ಗೆ ಪಾರ್ಕಿಗೆ ಬಂದು, ಎದುರು ಬೆಂಚಿನ ಮೇಲೆ ನಿಂತು, ಚೀಲದಿಂದ ಪಾರವ್ವ ಮಾಡಿದ ಬಿಸಿ ಜೋಳದ ರೊಟ್ಟಿ ತೆಗೆದು ಎಲ್ಲರಿಗೂ ತೋರಿಸ್ದ. ಒಂದು ಕೈಯಲ್ಲಿ ಹಳೇ ಗಾರ್ಡ್ ವಿಷಲ್ ಇತ್ತು. ಊದ್ದ. ಪಾರ್ಕೇ ತಿರುಗ್ತು.

"ಗ್ರಹ ಅನ್ನೂದು ಆರಿದ್ದಲ್ರಿ, ಉಬ್ಬಿದ್ದು. ಮೊದಲ ಏನಿತ್ತು? ಹಿಟ್ಟು. ಆಕಾಶದ ತುಂಬ ಧೂಳ, ಹಿಟ್ಟಿನಂಗ. ಅದನ್ನ ನಾದಿ, ತಿರುಗಿಸಿ ತಿರುಗಿಸಿ ಬಡಿಬೇಕು. ಬಡದಂಗ ಏನಾಕೈತಿ? ಚಪ್ಪಟ್ಟಿ ಆಕೈತಿ, ಗುಂಡಗ ಆಕೈತಿ. ಹಂಚಿನ ಮ್ಯಾಲೆ ಹಾಕಿದ್ರ ಒಳಗ ಉಗಿ ತುಂಬಿ ಪುಗ್ಗಾ ಆಕೈತಿ. ಅದ ಗ್ರಹ. ಇನ್ನಾ ಉಬ್ಬಿದ್ರ ಅದ ನಕ್ಷತ್ರ. ಸಣ್ಣದು ದೊಡ್ಡದಾಕೈತಿ ವಿನಾ ದೊಡ್ಡದು ಸಣ್ಣದಾಗೂದಿಲ್ಲ. ಗುರು ಗ್ರಹದಾಗ ಗ್ಯಾಸ್ ಐತಿ ಅಂದ್ರ ಅದರ ಅರ್ಥ ಏನ್ರಿ? ಉಬ್ಬಾಕತ್ತೈತಿ. ಇಂದಿಲ್ಲ ನಾಳೆ ಸೂರ್ಯ ಆಕೈತಿ."

ಹೇಳ್ತಾ ಮೀಸೆ ಮೇಲೆ ಕೈ ಹೋಯ್ತು. ರೊಟ್ಟಿ ಎಲ್ಲರಿಗೂ ಒಂದೊಂದು ತುಂಡು ಸಿಕ್ತು, ಜತೆಗೆ ಶೇಂಗಾ ಚಟ್ನಿ. ನಾಗರಾಜು ಅಲ್ಲೇ ಪಕ್ಷ ಬದಲಾಯಿಸ್ದ. ಮಂಗಳ ಅಂತ ಕರೆಸ್ಕೊಳ್ಳೋದಕ್ಕಿಂತ ಉಬ್ಬೋದು ವಾಸಿ ಅಂತ ಅವನ ಲೆಕ್ಕ.

ಹನುಮಂತಯ್ಯಂಗೆ ಮೈ ಉರೀತು. ಅದರ ಜತೆಗೆ, ಎಷ್ಟು ಚೆನ್ನಾಗಿ ವಾದ ಮಾಡ್ದ ಬಡ್ಡಿಮಗ ಅಂತ ಒಳಗೊಳಗೇ ಖುಷೀನೂ ಆಯ್ತು. ಎದ್ದು ಹೋಗಿ ಉತ್ತರ ಕೊಡೋಣ ಅಂದ್ರೆ ಗುರುಬಸಪ್ಪ ಮುಖ ತಿರುಗಿಸ್ದ. "ನಾ ನಿಮ್ಮ ಕೂಡ ಮಾತಾಡಾಕತ್ತಿಲ್ರಿ. ಜನಕ್ಕ ಹೇಳಾಕತ್ತೀನಿ," ಅಂದ, ಬೇವಿನ ಮರ ನೋಡ್ಕೊಂಡು.

ಅಲ್ಲಿಂದ ಬಡಾವಣೆ ಕೆಟ್ಟು ಹೋಯ್ತು. ಮುದ್ದೆಯೋರು ಪಾರ್ಕಲ್ಲಿ ಬಲಗಡೆಯಿಂದ ಸುತ್ತು ಹಾಕಿದ್ರೆ ರೊಟ್ಟಿಯೋರು ಎಡಗಡೆಯಿಂದ. ಎದುರು ಬದುರಾದಾಗ ನಮಸ್ಕಾರ ಇಲ್ಲ, "ಆರ್ತು" ಅಂತ ಇವರು, "ಉಬ್ತು" ಅಂತ ಅವರು. ವಾಟ್ಸಾಪ್ ಗುಂಪು ಎರಡಾಯ್ತು, ಗುಡ್ ಮಾರ್ನಿಂಗ್ ಹೂವಿನ ಜಾಗದಲ್ಲಿ ಒಂದರಲ್ಲಿ ಮುದ್ದೆ ಫೋಟೋ, ಇನ್ನೊಂದರಲ್ಲಿ ರೊಟ್ಟಿ. ಶನಿವಾರ ಮುದ್ದೆಯೋರ ನಿಯೋಗ ಒಂದು ದೇವಸ್ಥಾನಕ್ಕೆ ಹೋಯ್ತು. ನವಗ್ರಹದಲ್ಲಿ ಸೂರ್ಯ ಅಪ್ಪ, ಶನಿ ಮಗ ಅಂತ ಇದೆಯಲ್ಲ, ಅದು ತಪ್ಪು. ಸೂರ್ಯ ಇನ್ನೂ ಉರೀತಾ ಇರೋ ಹುಡುಗ, ಶನಿ ಆರಿರೋ ಯಜಮಾನ. ಶನೀನೇ ಅಪ್ಪ, ಸೂರ್ಯನೇ ಮಗ, ಜಾಗ ಬದಲಾಯಿಸಿ ಕೂರ್ಸಿ ಅಂತ. ಅರ್ಚಕರು ಬಾಗಿಲು ಹಾಕೋ ಹೊತ್ತು. "ಯಾರು ಯಾರಿಗೆ ಬೇಕಾದ್ರೂ ಅಪ್ಪ ಆಗ್ಲಿ ಸ್ವಾಮಿ, ಎಳ್ಳೆಣ್ಣೆ ಮಾತ್ರ ಕೆಳಗೆ ಚೆಲ್ಬೇಡಿ," ಅಂದ್ರು. ಇದನ್ನ ಹನುಮಂತಯ್ಯ ಅರ್ಧ ಒಪ್ಪಿಗೆ ಅಂತ ತಗೊಂಡ.

ಮನೆ ಖಾಲಿಯಾಗುತ್ತಲ್ಲ, ಗೇಟಿಗೆ ಬೋರ್ಡ್ ಹಾಕ್ದ: "ಟು-ಲೆಟ್. ನಕ್ಷತ್ರ ಆರಿದರೆ ಗ್ರಹ ಎಂದು ಒಪ್ಪುವವರಿಗೆ ಮಾತ್ರ."

ವಿಮಲಮ್ಮ ಓದಿ ಗೇಟಿಗೇ ಒರಗಿದ್ರು. "ಎಲ್ಲರ ಮನೇಲೂ ಸಸ್ಯಾಹಾರಿಗಳಿಗೆ ಮಾತ್ರ ಅಂತ ಹಾಕ್ತಾರೆ."

"ಅದರಿಂದ ಏನು ಗೊತ್ತಾಗುತ್ತೆ ಮನುಷ್ಯನ ಬಗ್ಗೆ?" ಅಂದ ಹನುಮಂತಯ್ಯ.

ಮನೆ ನೋಡೋಕೆ ಬಂದೋರನ್ನ ಮೆಟ್ಲ ಕೆಳಗೇ ಕೂರ್ಸಿ ಪರೀಕ್ಷೆ ಮಾಡೋನು. ಒಬ್ಬ ಬಂದು, ಭೂಮಿ ಹೆಂಗಾಯ್ತಪ್ಪ ಅಂದ್ರೆ, "ಸಾರ್, ಕಾವೇರಿ ನೀರು ಬರುತ್ತಾ?" ಅಂದ. ಇನ್ನೊಬ್ಬ ಇಂಜಿನಿಯರು, ಗೌರವವಾಗಿ, ಧೂಳು ಮತ್ತೆ ಅನಿಲದ ತಟ್ಟೆ ತಿರುಗಿ ತಿರುಗಿ ಗ್ರಹ ಆಗಿದ್ದು ಅಂತ ಶಾಲೇಲಿ ಓದಿದ್ದು ಹೇಳ್ದ. "ರೊಟ್ಟಿ ಪಾರ್ಟಿ," ಅಂತ ಹನುಮಂತಯ್ಯ ಅವನನ್ನ ಗೇಟಿಂದಲೇ ಕಳಿಸ್ದ.

ಕೊನೇಗೆ ಸಿಕ್ಕಿದೋರು ಮಂಜುನಾಥ್ ಕುಸುಮಾ ಅಂತ ಹೊಸ ಜೋಡಿ. ಹುಡುಗ ಡೆಲಿವರಿ ಕೆಲಸ ಮಾಡೋನು, ಒಂದು ಕಾಲು ಯಾವಾಗ್ಲೂ ಬೈಕ್ ಕಡೆಗೇ.

"ಸೂರ್ಯ ಮುಂದೆ ಏನಾಗ್ತಾನೆ?"

"ನೀವ್ ಹೇಳ್ದಂಗೆ ಸಾರ್."

"ನಾನಿನ್ನೂ ಹೇಳೇ ಇಲ್ವಲ್ಲಪ್ಪ."

"ಹೇಳಿದ್ ಮೇಲೆ ಸಾರ್. ಆರ್ತಾನೆ ಸಾರ್. ಬೋರ್ಡಲ್ಲಿ ಓದ್ದೆ."

"ಆರಿ?"

"ಹೂಂ ಸಾರ್. ಆರಿ."

"ಇಲ್ಲಪ್ಪ, ಚೂರು ಯೋಚ್ನೆ ಮಾಡು. ಮುದ್ದೆ ತಣ್ಣಗಾದ್ರೆ ಸಣ್ಣದಾಗುತ್ತೆ. ಹಂಗಾದ್ರೆ ಭೂಮಿಗಿಂತ ತಣ್ಣಗಿರೋ ಗುರು ಯಾಕೆ ದೊಡ್ಡದು? ಅದು ನನ್ನ ಸಿದ್ಧಾಂತಕ್ಕೆ ತೊಂದರೆ ಅಲ್ವಾ?"

"ತೊಂದರೆ ಏನಿಲ್ಲ ಸಾರ್. ಅಡ್ಜಸ್ಟ್ ಮಾಡ್ಕೋತೀವಿ."

ಹನುಮಂತಯ್ಯಂಗೆ ಅವತ್ತು ಮುದ್ದೆ ಇಳೀಲಿಲ್ಲ. ಪ್ರಪಂಚದಲ್ಲಿ ತನ್ನ ಸಿದ್ಧಾಂತ ಪೂರ್ತಿ ಒಪ್ಪಿದ ಮೊದಲನೇ ಮನುಷ್ಯ ಸಿಕ್ಕವ್ನೆ, ಅವನ ಜತೆ ಬೆಳಿಗ್ಗೆ ಪಾರ್ಕಿಗೆ ಹೋದ್ರೆ ಗೇಟಿಂದ ಗೇಟಿನ ತನಕ ಬರೀ ಹೂಂ ಸಾರ್. ಮೇಲುಗಡೆ ಪಾರವ್ವ ಪಾತ್ರೆಗಳನ್ನ ಪೇಪರಲ್ಲಿ ಸುತ್ತೋ ಸದ್ದು ಬರ್ತಾ ಇತ್ತು. ಪ್ರತಿ ಪಾತ್ರೆಗೂ ಇವನು ತಲೆ ಎತ್ತಿ ಸೂರು ನೋಡೋನು.

"ಹೋಗಿ ತಪ್ಪಾಯ್ತು ಅನ್ನಿ," ಅಂದ್ರು ವಿಮಲಮ್ಮ.

"ಏನು ಅಂತ ಹೇಳ್ಲಿ? ನಕ್ಷತ್ರ ಆರಲ್ಲ ಅಂತ ಹೇಳ್ಲಾ?"

"ನಕ್ಷತ್ರ ಹಾಳಾಗ್ಲಿ. ಗ್ಯಾಸಿನ ಕಥೆ ಊರಿಗೆಲ್ಲ ಹೇಳಿದ್ರಲ್ಲ, ಅದಕ್ಕೆ."

"ಹೇಳಿದ್ದು ಹೋಯ್ತು. ಅದನ್ನ ವಾಪಸ್ ತಗೊಳ್ಳೋದು ಹೆಂಗೆ?"

ವಿಮಲಮ್ಮ ತಟ್ಟೆ ಎತ್ಕೊಂಡು ಒಳಗೆ ಹೋದ್ರು.

ಹೊರಡೋ ದಿನ ಬೆಳಿಗ್ಗೆ ಗುರುಬಸಪ್ಪನ ತಂಗಿ ಮಗ ದುಂಡೇಶ ಟೆಂಪೋ ತಂದ. ಒಳ್ಳೆ ಹುಡುಗ, ದನಿ ಮಾತ್ರ ಮೈಕ್ ಇಟ್ಟಂಗೆ. ಹನುಮಂತಯ್ಯ ಗೇಟಲ್ಲಿ ನಿಂತು, ಯಾರೂ ಕೇಳದೇ ಇದ್ರೂ, ಫ್ರಿಜ್ ಮಲಗಿಸ್ಬೇಡ, ಮಂಚ ಮೊದಲು ಹಾಕು ಅಂತ ಹೇಳ್ತಾ ಇದ್ದ. ಗುರುಬಸಪ್ಪ ಮೆಟ್ಲ ಮೇಲೆ ನಿಂತು, ಗೋಡೆಗೆ ಹೇಳೋ ಹಂಗೆ, ಫ್ರಿಜ್ ಮೊದಲು ಹಾಕು ಅಂದ. ಅಷ್ಟರಲ್ಲಿ ದುಂಡೇಶ ಬೀದಿ ಕೊನೆಗೆ ಕೇಳೋ ಹಂಗೆ ಕೂಗ್ದ:

"ಮಾವಾ, ನಿಮ್ಮ ಗ್ಯಾಸ್ ಎಲ್ಲಿ ಬಿಡ್ಲಿ?"

ಎದುರು ಮನೆ ಕಿಟಕಿ ತೆರೀತು. ಯೋಗಾನಂದ ವಾಕಿಂಗ್ ಮುಗಿಸಿ ಹೋಗ್ತಿದ್ದೋನು ಚರಂಡಿ ಕಡೆ ತಿರುಗಿ ಕೆಮ್ಮೋಕೆ ಶುರು ಮಾಡ್ದ. ಗುರುಬಸಪ್ಪನ ಮುಖ ಕೆಂಪಗಾಯ್ತು. ಹನುಮಂತಯ್ಯ ನೋಡ್ದ. ಇಡೀ ಸರ್ವೀಸಲ್ಲಿ ಕುಲುಮೆ ನೋಡಿದ್ದೋನಿಗೆ ಆ ಕೆಂಪು ಆರೋ ಕೆಂಪಲ್ಲ ಅಂತ ಗೊತ್ತಾಯ್ತು. ಒಬ್ಬ ಮನುಷ್ಯ ಬದುಕಿರೋ ತನಕ ತನ್ನ ಸಿಲಿಂಡರ್ ಹೆಸರನ್ನ ಯಾರೂ ಜೋರಾಗಿ ಹೇಳದೇ ಇರ್ಲಿ ಅಂತ ಬೇಡ್ಕೊಳ್ಳೋ ಹಂಗೆ ಮಾಡಿಟ್ಟಿದ್ದು ತಾನೇ ಅಂತಾನೂ ಗೊತ್ತಾಯ್ತು.

"ಸಿಲಿಂಡರ್ ನನ್ನ ಕಾಲ ಹತ್ರ ಇಡಪ್ಪ, ನಾನು ಹಿಡ್ಕೋತೀನಿ," ಅಂತ ಯಾರೂ ಕರೀದೇ ಟೆಂಪೋ ಹತ್ತಿ ಕೂತ. ವಿಮಲಮ್ಮ ಕೈಲಿ ಹಾಲಿನ ಪ್ಯಾಕೆಟ್ ಹಿಡ್ಕೊಂಡು ಹಿಂದೆ ಹತ್ತಿದ್ರು. ಹೊಸ ಮನೇಲಿ ಹಾಲು ಉಕ್ಕಿಸ್ಬೇಕಲ್ಲ, ಅದಕ್ಕೆ ಬರಲ್ಲ ಅನ್ನೋಕಾಗುತ್ತಾ?

ಟೆಂಪೋ ವಿಜಯನಗರ ದಾಟಿ, ಮೆಟ್ರೋ ಕಂಬಗಳ ಕೆಳಗೆ ಕುಲುಕ್ತಾ ಹೋಯ್ತು. ಗಂಡಸರಿಬ್ರ ಮಧ್ಯೆ ಸಿಲಿಂಡರ್. ರಸ್ತೆಯ ಪ್ರತಿ ಹಂಪ್‌ಗೂ ಟಣ್ ಅನ್ನೋದು.

ದೀಪಾಂಜಲಿ ನಗರದ ಮನೆ ಚೆನ್ನಾಗೇ ಇತ್ತು. ಪಾರವ್ವ ಹೊಸಿಲಿಗೆ ಅರಿಶಿನ ಹಚ್ಚಿ, ಅಡುಗೆಮನೇಲಿ ಪೂರ್ವಕ್ಕೆ ಒಲೆ ಇಟ್ಟು, ಹೊಸ ಪಾತ್ರೇಲಿ ಹಾಲಿಟ್ರು. ಎಲ್ಲರೂ ಕೈ ಮುಗಿದು ಸುತ್ತ ನಿಂತ್ರು. ಹಾಲು ಉಕ್ಕಿ ಚೆಲ್ಲಿದ್ರೆ ಮುಗೀತು, ಆ ಮನೆ ಅವರದ್ದು.

ಹಾಲು ಬಿಸಿಯಾಯ್ತು. ಅಂಚಲ್ಲಿ ಗುಳ್ಳೆ ಬಂತು. ನಿಧಾನಕ್ಕೆ ನಡು ಎದ್ದು, ಉಬ್ಬಿ, ಮೇಲೆ ಬಂತು.

ಗುರುಬಸಪ್ಪ ತಡ್ಕೊಳ್ಳೋಕಾಗದೆ ಅಂದ, ಯಾರಿಗೂ ಅಂತಿಲ್ಲ, ಗಾಳಿಗೆ: "ನೋಡ್ರಿ. ಉಬ್ಬಾಕತ್ತೈತಿ."

ಹನುಮಂತಯ್ಯ ನೋಡ್ದ. ಈ ಹಾಲು ಪಾತ್ರೆ ದಾಟಿದ್ರೆ ಎರಡು ಆಗುತ್ತೆ. ಒಂದು, ರೊಟ್ಟಿ ಸಿದ್ಧಾಂತ ಗೆಲ್ಲುತ್ತೆ. ಎರಡು, ನಾಳೆ ಬೆಳಿಗ್ಗೆ ಪಾರ್ಕಲ್ಲಿ ಮಂಜುನಾಥ ಹೂಂ ಸಾರ್ ಅಂತಾನೆ. ಯಾವುದಕ್ಕೆ ಎದೆ ಒಡೀತು ಅಂತ ಅವನಿಗೇ ಗೊತ್ತಿಲ್ಲ. ಬಗ್ಗಿ, ಕೆನ್ನೆ ತುಂಬಾ ಗಾಳಿ ತುಂಬಿ, ಫೂ ಅಂತ ಊದ್ಬಿಟ್ಟ.

ಹಾಲು ಕೆಳಗೆ ಕೂತ್ಕೊಳ್ತು. ಮೇಲೊಂದು ತೆಳ್ಳಗಿನ ಕೆನೆ.

"ಅಣ್ಣಾರ," ಅಂದ್ರು ಪಾರವ್ವ.

ಮತ್ತೆ ಉಬ್ತು. ಮತ್ತೆ ಊದ್ದ.

"ಏನ್ ಮಾಡಾಕತ್ತೀರ್ರಿ ನೀವು?" ಅಂದ ಗುರುಬಸಪ್ಪ. ತಿಂಗಳಲ್ಲಿ ಅವನ ಮುಖ ನೋಡಿ ಆಡಿದ ಮೊದಲನೇ ಮಾತು.

"ಆರಿಸ್ತಾ ಇದೀನಿ."

"ಬಿಡ್ರಿ ಒಲಿ ಕಡೆಯಿಂದ."

"ಬಿಡಲ್ಲ. ಮೇಲೆ ಚರ್ಮ ಕಟ್ಟೋದು ನೋಡಿ, ಅದೇ ನಾನು ಹೇಳಿದ್ದು."

"ಚರ್ಮ ಅಲ್ರಿ ಅದು ಕೆನಿ. ಮೊದಲ ಉಬ್ಬಿದ್ದಕ್ಕ ಕೆನಿ ಬಂತು. ಉಬ್ಬದ ಕೆನಿ ಎಲ್ಲಿಂದ ತರ್ತೀರಿ?"

"ಆರದೆ ಕೆನೆ ಕಟ್ಟುತ್ತಾ? ಯಾವ ಊರಲ್ಲಿ?"

"ನಮ್ಮೂರಾಗ ಕಟ್ಟತೈತಿ."

ಇಬ್ರೂ ಒಲೆ ಮೇಲೆ ಬಗ್ಗಿ, ಮೂಗಿಗೆ ಮೂಗು ತಾಗೋ ಹಂಗೆ, ಒಬ್ಬ ಉರಿ ಜಾಸ್ತಿ ಮಾಡಿದ್ರೆ ಒಬ್ಬ ಊದ್ತಾ, ತಿಂಗಳ ಬಾಕಿ ಜಗಳನೆಲ್ಲ ಅಲ್ಲೇ ತೀರಿಸ್ಕೊಳ್ತಾ ಇದ್ರು. ಹನುಮಂತಯ್ಯಂಗೆ ಇಷ್ಟು ಹಾಯಾಗಿ ಎಷ್ಟು ದಿನ ಆಗಿತ್ತೋ. ಮೂರನೇ ಸಲ ಹಾಲು ಮೇಲೆ ಬರ್ತಾ ಇತ್ತು, ಅಂಚಿಗೆ ಇನ್ನು ಒಂದು ಬೆರಳು. ಅವಾಗ ಒಲೆ ಪುಸ್ ಅಂತು. ನೀಲಿ ಉರಿ ಸಣ್ಣಗಾಗಿ, ಹಳದಿಯಾಗಿ, ಹೋಯ್ತು. ಯಾರೂ ಊದಿರ್ಲಿಲ್ಲ.

ದುಂಡೇಶ ಹೋಗಿ ಸಿಲಿಂಡರ್ ಎತ್ತಿ ಅಲ್ಲಾಡಿಸ್ದ. ಅವನ ದನೀಲಿ ಹೇಳ್ದ: "ಮಾವಾ, ನಿಮ್ಮ ಗ್ಯಾಸ್ ಪೂರಾ ಖಾಲಿ."

ಬಾಗಿಲಲ್ಲಿ ಹೊಸ ಓನರು, ಅವ್ರ ಹೆಂಡ್ತಿ, ಪಕ್ಕದ ಮನೆಯೋರು ಎಲ್ಲ ನಿಂತಿದ್ರು. ಹನುಮಂತಯ್ಯ ನೆಟ್ಟಗೆ ನಿಂತ. ಆಡಿದ ಮಾತನ್ನ ವಾಪಸ್ ತಗೊಳ್ಳೋಕೆ ಸಿಕ್ಕಿದ್ದು ಇದೊಂದೇ ದಾರಿ ಅಂತ ಅವನಿಗೆ ಹೊಳೀತು.

"ಕೇಳಿಸ್ಕೊಂಡ್ರಾ ಎಲ್ಲರೂ?" ಅಂದ. "ಗುರುಬಸಪ್ಪೋರಿಗೆ ಗ್ಯಾಸ್ ಇಲ್ಲ. ಇದೆ ಅಂತ ಹೇಳಿದೋನು ಸುಳ್ಳು ಹೇಳಿದಾನೆ. ನಾಳೆ ಪಾರ್ಕಲ್ಲೂ ಬಂದು ಹೇಳ್ತೀನಿ. ಆರಿರೋದೂ ಇವರಲ್ಲ, ನಾನೇ. ಗ್ಯಾಸಿರೋದೂ ನಂಗೇ. ಬೇಕಾದ್ರೆ ವಿಮಲಾನ ಕೇಳಿ."

"ಹೌದು," ಅಂದ್ರು ವಿಮಲಮ್ಮ, ತಡಮಾಡದೆ.

ಹೊಸ ಓನರು ಅವ್ರ ಹೆಂಡ್ತಿ ಮುಖ ನೋಡಿದ್ರು. ಗುರುಬಸಪ್ಪ ಸಿಲಿಂಡರ್ ನೋಡ್ದ, ಹಾಲು ನೋಡ್ದ, ಹನುಮಂತಯ್ಯನ ಉಬ್ಬಿದ ಕೆನ್ನೆ ನೋಡ್ದ. ಮೀಸೆ ಕೆಳಗೆ ಏನೋ ಅಲ್ಲಾಡ್ತು.

ಪಾರವ್ವ ಮಾತ್ರ ಒಲೆ ಮೇಲೆ ಕಣ್ಣು ನೆಟ್ಟಿದ್ರು. "ಹಾಲ ಉಕ್ಕಲಿಲ್ಲ," ಅಂದ್ರು ಮೆಲ್ಲಗೆ. "ಒಲಿ ತಾನಾ ಶಾಂತ ಆತು. ಇಂಥ ಮನ್ಯಾಗ ನಾ ಕಾಲಿಡಂಗಿಲ್ರಿ. ದುಂಡ್ಯಾ, ಸಾಮಾನ ಹೊತ್ತು ಗಾಡ್ಯಾಗ ಹಾಕು."

"ಅತ್ತೀ, ಈಗಷ್ಟ ಇಳಿಸೀನಿ."

"ಹಂಗಾರ ಛಲೋ ಆತು. ಹೆಂಗ ಹೊರಬೇಕು ಅಂತ ನಿಂಗ ಗೊತ್ತೈತಿ."

ಆ ಮನೆ ಓನರಿಗೆ ಏನು ಹೇಳಿ ಒಪ್ಪಿಸಿದ್ರೋ ನಂಗೆ ಗೊತ್ತಿಲ್ಲ. ಬ್ರಹ್ಮಾಂಡ ಹೆಂಗಾಯ್ತು ಅಂತ ಗುರುಬಸಪ್ಪ ಶುರು ಮಾಡಿದ್ದಕ್ಕೆ ಅವರೇ ಬೀಗದ ಕೈ ವಾಪಸ್ ಇಸ್ಕೊಂಡ್ರು ಅಂತ ದುಂಡೇಶ ಹೇಳ್ತಾನೆ. ಅಂತೂ ಫ್ರಿಜ್ ಮೊದಲು ಹೋಯ್ತು, ಆಮೇಲೆ ಮಂಚ, ಅದಕ್ಕೂ ಒಂದು ಜಗಳ ಆಯ್ತು.

ವಾಪಸ್ ಬರ್ತಾ ಪಾರವ್ವ ತೊಡೆ ಮೇಲೆ ಹಾಲಿನ ಪಾತ್ರೆ ಇಟ್ಕೊಂಡಿದ್ರು. ವಿಜಯನಗರದ ಸಿಗ್ನಲ್‌ನಲ್ಲಿ ಗುರುಬಸಪ್ಪ ಕೇಳ್ದ:

"ಆ ಹುಡುಗಗ ಕೊಟ್ಟೀರೆಲ್ಲ ಮನಿ? ಮತ್ತ ನಾವೆಲ್ಲಿ ಹೋಗೂದು?"

"ಅವನ ಹೆಂಡ್ತಿ ಕುಸುಮಾ ಬೆಳಿಗ್ಗೆ ಫೋನ್ ಮಾಡಿದ್ಲು," ಅಂದ್ರು ವಿಮಲಮ್ಮ. "ಓನರ್ ಅಂಕಲ್ ದಿನಾ ಗ್ರಹಗಳ ವಿಷಯ ಮಾತಾಡ್ತಾರಾ ಆಂಟಿ ಅಂತ ಕೇಳಿದ್ಲು. ಹೌದಮ್ಮ, ದಿನಾ ಅಂದೆ. ಬೇರೆ ಕಡೆ ನೋಡ್ಕೋತೀವಿ ಅಂದ್ಲು."

"ನಂಗೆ ಹೇಳ್ಲೇ ಇಲ್ಲ?" ಅಂದ ಹನುಮಂತಯ್ಯ.

"ನೀವು ಫ್ರಿಜ್ ವಿಷಯದಲ್ಲಿ ಬಿಜಿ ಇದ್ರಿ."

ಸ್ವಲ್ಪ ದೂರ ಹೋದ ಮೇಲೆ ಗುರುಬಸಪ್ಪ ಸಿಲಿಂಡರ್ ಮೇಲೆ ಮೊಣಕೈ ಊರಿದ. "ಹನುಮಂತಯ್ಯಾರ, ಖರೇ ಹೇಳ್ರಿ. ಅಲ್ಲಿ ಆರಿಸ್ತೀನಿ ಅಂದ್ರೆಲ್ಲ. ಏನ್ ಆರಿಸಿದ್ರಿ? ಹಾಲ ಆರಿಸಿದ್ರ್ಯೋ, ಬಾಡಗಿಯವರನ್ನ ಆರಿಸಿದ್ರ್ಯೋ?"

ಆ ಮಾತಿಗೆ ನಾಲ್ಕನೇ ಅರ್ಥ ಒಂದಿದೆ ಅಂತ ಹನುಮಂತಯ್ಯಂಗೆ ಹೊಳೆದೇ ಇರ್ಲಿಲ್ಲ.

"ಹಾಲು," ಅಂದ, ರಸ್ತೆ ನೋಡ್ತಾ.

"ಅದು ಸುಳ್ರಿ," ಅಂದ ಗುರುಬಸಪ್ಪ.

ಬಸವೇಶ್ವರನಗರಕ್ಕೆ ಬಂದು, ಗೇಟಿನ ಬೋರ್ಡ್ ಕಿತ್ತು, ಸಾಮಾನು ಇಳಿಸೋಕೂ ಮುಂಚೆ ಪಾರವ್ವ ಅದೇ ಹಾಲನ್ನ ವಿಮಲಮ್ಮನ ಸಿಲಿಂಡರ್ ತರಿಸಿ, ತಮ್ಮ ಹಳೇ ಅಡುಗೆಮನೇಲಿ ಮತ್ತೆ ಒಲೆ ಮೇಲಿಟ್ರು. ಗಂಡಸರಿಬ್ರನ್ನೂ ಬಾಗಿಲಾಚೆ ನಿಲ್ಸಿ ವಿಮಲಮ್ಮ ಅಡ್ಡ ನಿಂತ್ರು. ಹಾಲು ಎದ್ದು ಬಂತು, ಉಬ್ತು, ನಾಲ್ಕೂ ಕಡೆಯಿಂದ ಸುರೀತು, ಬರ್ನರ್ ಮೇಲೆ ಚುರ್ ಅಂತು. ಪಾರವ್ವ ಕೈ ಮುಗಿದ್ರು.

"ಉಬ್ತು," ಅಂದ ಗುರುಬಸಪ್ಪ ಬಾಗಿಲಾಚೆಯಿಂದ.

"ಈಗ ಆರೋದು ನೋಡಿ," ಅಂದ ಹನುಮಂತಯ್ಯ.

ವಿಮಲಮ್ಮ ಇಬ್ಬರ ಕೈಗೂ ಒಂದೊಂದು ಒದ್ದೆ ಬಟ್ಟೆ ಕೊಟ್ರು. "ಮಾತು ಆಮೇಲೆ. ಈಗ್ಲೇ ಒರೆಸಿ. ಆರಿದ್ ಮೇಲೆ ಅದು ಬಿಡಲ್ಲ."